ಎಲೆ ಕೀಳದೆ, ಎಳೆ ಸುಡದೆ

ಕುಷಾಯಿಗೂಡ ಡಿಪೋದಿಂದ ಹೊರಬಿದ್ದ ಬಸ್ಸು ಸಿಕಂದರಾಬಾದಿನ ದಾರಿ ಹಿಡಿಯುತ್ತದೆ. ನೀವು ಅದಕ್ಕೆ ಬೆನ್ನು ಮಾಡಿ ಕೈಗಾರಿಕಾ ವಸಾಹತಿನ ಒಳರಸ್ತೆಗೆ ಇಳಿಯುತ್ತೀರಿ. ಬೆಳಗಿನ ಎಂಟು ಗಂಟೆಗೇ ಲೇತ್‌ಗಳು ತಿರುಗತೊಡಗಿವೆ. ಬಾಗಿಲು ಬಾಗಿಲಿಗೂ ಕೂಲೆಂಟಿನ ವಾಸನೆ, ಕಾಲಡಿಯಲ್ಲಿ ಕಬ್ಬಿಣದ ಸುರುಳಿ ಚೂರು. ತಳ್ಳುಗಾಡಿಯ ಮುಂದೆ ಇಡ್ಲಿ ತಿನ್ನುತ್ತಾ ನಿಂತವರ ಬಾಯಲ್ಲಿ ತೆಲುಗು, ದಖನಿ ಉರ್ದು. ಕಿವಿಗೊಟ್ಟರೆ ನಡುನಡುವೆ ಬೀದರ್, ಕಲಬುರಗಿ ಕಡೆಯ ಕನ್ನಡವೂ ಕೇಳುತ್ತದೆ.

ಈ ಸೀಮೆಯಲ್ಲಿ ಮನೆಗಳಿಗಿಂತ ಮೊದಲು ನೆನಪಾಗುವುದು ಉಪಕರಣಗಳು. ಕೂಗಳತೆಯಲ್ಲಿ ಇಸಿಐಎಲ್ ಇದೆ. 1967ರಲ್ಲಿ ಅಯ್ಯಗಾರಿ ಸಾಂಬಶಿವರಾವ್ ಅವರ ಮುಂದಾಳ್ತನದಲ್ಲಿ ಶುರುವಾದ ಸಂಸ್ಥೆ ಅದು. ಅಣುಶಕ್ತಿ ಇಲಾಖೆಗೆ ಬೇಕಾದ ಎಲೆಕ್ಟ್ರಾನಿಕ್ ಸಲಕರಣೆಯಿಂದ ಹಿಡಿದು ನಾವು ಗುಂಡಿ ಒತ್ತುವ ಮತಯಂತ್ರದವರೆಗೆ ಅಲ್ಲಿ ತಯಾರಾಗುತ್ತವೆ. ಪಕ್ಕದ ಬಡಾವಣೆಯ ಹೆಸರೇ ಎ.ಎಸ್. ರಾವ್ ನಗರ. ಅಂಥ ದೊಡ್ಡ ಕಾರ್ಖಾನೆಗಳ ಸುತ್ತ ಸಣ್ಣ ಸಣ್ಣ ವರ್ಕ್‌ಶಾಪ್‌ಗಳು ಬೇರು ಬಿಟ್ಟಿವೆ. ನಿಮ್ಮನ್ನು ಕರೆದವರದೂ ಅಂಥದ್ದೇ ಒಂದು ಶೆಡ್ಡು. ಪ್ರಯೋಗಾಲಯದ ಸಲಕರಣೆ ರಿಪೇರಿ ಮಾಡಿ, ಅಳತೆ ಸರಿಹೊಂದಿಸಿ ಕೊಡುವುದು ಅವರ ಕಸುಬು.

“ಬರ್ರಿ, ಬರ್ರಿ. ಚಪ್ಲಿ ಹೊರಗ ಬಿಡ್ರಿ,” ಎನ್ನುತ್ತಾರೆ ಕಲಬುರಗಿಯ ಅಕ್ಕ. ರಸಾಯನಶಾಸ್ತ್ರ ಓದಿ ಈ ಕಸುಬಿಗೆ ಬಂದವರು. “ಮೊದಲ ಈ ಕನ್ನಡಕ ಹಾಕ್ಕೋರಿ. ಈ ಬೆಳಕು ಕಣ್ಣಿಗಿ ಕಾಣಂಗಿಲ್ಲ. ಅದಕ್ಕೇ ಜಾಸ್ತಿ ಹುಷಾರ್ ಇರಬೇಕು.”

ಮೇಜಿನ ಮೇಲೆ ಹಿಡಿಕೆಯಿರುವ ಉಪಕರಣವೊಂದಿದೆ. ಒಂದು ತುದಿಯಲ್ಲಿ ಬೆರಳು ಗಾತ್ರದ ಮೂತಿ, ಹಿಂಬದಿಯಲ್ಲಿ ಪುಟ್ಟ ಪರದೆ. ಇದೇ ಕೈಯಲ್ಲಿ ಹಿಡಿಯುವ ರಾಮನ್ ಸ್ಪೆಕ್ಟ್ರೋಮೀಟರ್. ಔಷಧ ಕಾರ್ಖಾನೆಗಳ ಉಗ್ರಾಣದಲ್ಲಿ ಇದು ಈಗ ಮಾಮೂಲಿ ವಸ್ತು. ಡ್ರಮ್ಮಿನೊಳಗಿನ ಕಚ್ಚಾ ಪುಡಿಯನ್ನು ಪಾಲಿಥೀನ್ ಚೀಲ ಬಿಚ್ಚದೆ, ಮೂತಿ ಒತ್ತಿ ಹಿಡಿದು, ಲೇಬಲ್ಲಿನಲ್ಲಿ ಬರೆದದ್ದೇ ಒಳಗಿದೆಯೇ ಎಂದು ನೋಡುತ್ತಾರೆ. ಈ ಶೆಡ್ಡಿನಲ್ಲಿರುವುದು ಅಂಗಡಿಯದೇ ಹಳೆಯ ಸೆಟ್ಟು, ಬಿಡಿಭಾಗ ಕೂಡಿಸಿ ನಿಲ್ಲಿಸಿದ್ದು. ಒಳಗಿರುವ ಲೇಸರ್ 785 ನ್ಯಾನೊಮೀಟರಿನದು. ಕಣ್ಣಿಗೆ ಕಾಣುವ ಕೆಂಪಿನ ಕೊನೆಯ ಅಂಚು ದಾಟಿದ ಬೆಳಕು.

ಬೀದರಿನ ಹುಡುಗನೊಬ್ಬ ಬಿಳಿ ಪಾಲಿಸ್ಟೈರೀನ್ ಬಿಲ್ಲೆಯೊಂದನ್ನು ಮೂತಿಗೆ ಒತ್ತುತ್ತಾನೆ. ಅಳತೆಗೆ ಮೊದಲು ದಿನವೂ ಮಾಡಬೇಕಾದ ಕೆಲಸ ಇದು.

“ಒಂದ್ ಸಾವಿರದ ಒಂದಕ್ಕ ಬಂತೇನೋ ತಮ್ಮಾ?”

“ಬಂತ್ರಿ ಅಕ್ಕಾ. ಅಲ್ಲೇ ಅದ.”

ಪರದೆಯ ಮೇಲೆ ಗೆರೆಯೊಂದು ಎಡದಿಂದ ಬಲಕ್ಕೆ ಹರಿದು, ಒಂದು ಕಡೆ ಸೂಜಿಯಂತೆ ನೆಟ್ಟಗೆ ಎದ್ದು ಇಳಿದಿದೆ. ಪಾಲಿಸ್ಟೈರೀನ್ ಅಣುವಿನೊಳಗಿನ ಉಂಗುರಗಳು ಹಿಗ್ಗಿ ಕುಗ್ಗುವ ಕಂಪನಕ್ಕೆ ಈ ಶಿಖರವೇ ಗುರುತು. ಜಗತ್ತಿನ ಯಾವ ಮೂಲೆಯಲ್ಲಿ ಅಳೆದರೂ ಅದು ಪ್ರತಿ ಸೆಂಟಿಮೀಟರಿಗೆ 1001ರ ಹತ್ತಿರವೇ ನಿಲ್ಲಬೇಕು. ನಿಂತಿತು. ಇನ್ನು ಉಪಕರಣದ ಮಾತು ನಂಬಬಹುದು.

ಆ ಶಿಖರ ಎಲ್ಲಿಂದ ಬಂತು? ಲೇಸರಿನ ಬೆಳಕು ವಸ್ತುವಿಗೆ ಬಡಿದು ಸುತ್ತ ಚೆದುರುತ್ತದೆ. ಚೆದುರಿದ್ದರಲ್ಲಿ ಬಹುಪಾಲು ಬಂದ ಬಣ್ಣದಲ್ಲೇ ಹಿಂದಿರುಗುತ್ತದೆ. ಕೋಟಿಗೊಂದರಂತೆ ಕೆಲವು ಬೆಳಕಿನ ಕಣಗಳು ಮಾತ್ರ ಅಣುವಿನ ಬಂಧವನ್ನು ಅಲುಗಿಸಿ, ಅಷ್ಟು ಶಕ್ತಿ ಅಲ್ಲಿ ಬಿಟ್ಟು, ಬೇರೆ ಬಣ್ಣವಾಗಿ ಹೊರಬರುತ್ತವೆ. ಬಿಗಿದ ತಂತಿಗೂ ಸಡಿಲ ತಂತಿಗೂ ಶ್ರುತಿ ಬೇರೆಯಾಗುವ ಹಾಗೆ, ಒಂದೊಂದು ಬಂಧಕ್ಕೂ ಒಂದೊಂದು ಕಂಪನ. ಎಷ್ಟು ಶಕ್ತಿ ಕಳೆಯಿತೆಂದು ಅಳೆದರೆ ಯಾವ ಬಂಧ ಅಲುಗಿತೆಂದು ಹೇಳಬಹುದು.

ಇದನ್ನು ಮೊದಲು ಕಂಡದ್ದು 1928ರ ಫೆಬ್ರುವರಿ 28ರಂದು. ಕೋಲ್ಕತ್ತದ ಬೌಬಜಾರ್ ರಸ್ತೆಯ ಪ್ರಯೋಗಾಲಯದಲ್ಲಿ ಸಿ.ವಿ. ರಾಮನ್, ಜತೆಗೆ ಕೆ.ಎಸ್. ಕೃಷ್ಣನ್. ಪಾದರಸದ ದೀಪ, ಬಣ್ಣದ ಸೋಸುಗಾಜು, ಕೈಗೆಟಕುವ ಬೆಲೆಯ ಸ್ಪೆಕ್ಟ್ರೋಸ್ಕೋಪು, ಪಳಗಿದ ಕಣ್ಣು, ಇಷ್ಟೇ ಸಾಧನ. 1930ಕ್ಕೆ ನೊಬೆಲ್ ಬಂತು. 1933ರಲ್ಲಿ ಅವರು ಬೆಂಗಳೂರಿಗೆ ಬಂದರು, 1970ರಲ್ಲಿ ಕಣ್ಮುಚ್ಚುವವರೆಗೂ ಅಲ್ಲೇ ಉಳಿದರು. ಹೈದರಾಬಾದಿಗೂ ಈ ಕತೆಯಲ್ಲಿ ಪಾಲಿದೆ. ನಿಜಾಂ ಕಾಲೇಜಿನಲ್ಲಿ ಓದಿದ ಸೂರಿ ಭಗವಂತಂ ಕೋಲ್ಕತ್ತಕ್ಕೆ ಹೋಗಿ ರಾಮನ್ನರ ಶಿಷ್ಯರಾದರು. ಬೆಳಕಿನ ಚೆದುರುವಿಕೆ ಮತ್ತು ರಾಮನ್ ಪರಿಣಾಮದ ಮೇಲೆ 1940ರಲ್ಲಿ ಅವರು ಬರೆದ ಗ್ರಂಥವನ್ನು ಓದಿ ಬೆಳೆದವರು ಬಹಳ ಮಂದಿ. ಮುಂದೆ ಅವರು ಉಸ್ಮಾನಿಯಾ ವಿಶ್ವವಿದ್ಯಾಲಯದ ಕುಲಪತಿಗಳಾದರು, 1957ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು.

“ಎಲಿ ನೋಡೋಣು ಬರ್ರಿ,” ಎಂದು ಅಕ್ಕ ಹಿತ್ತಿಲಿನ ಬಾಗಿಲು ತೆಗೆಯುತ್ತಾರೆ.

ಹಿತ್ತಿಲಲ್ಲಿ ಹಳೆಯ ಪೇಂಟ್ ಡಬ್ಬಿಗಳಲ್ಲಿ ಮೆಣಸಿನಗಿಡಗಳು. ಮೂರು ಸೊಂಪಾಗಿವೆ. ನಾಲ್ಕನೆಯದರ ತುದಿ ಎಲೆಗಳು ಅಂಚು ಮಡಚಿ, ದೋಣಿಯಂತೆ ಮೇಲಕ್ಕೆ ಮುರುಟಿಕೊಂಡಿವೆ. ಊರ ಕಡೆ ಇದಕ್ಕೆ ಮುಟುರು ರೋಗ ಎನ್ನುತ್ತಾರೆ. ಆದರೆ ಮುರುಟುವುದಕ್ಕೆ ಕಾರಣ ಒಂದಲ್ಲ. ಥ್ರಿಪ್ಸ್ ನುಸಿ ರಸ ಹೀರಿದರೂ ಮುರುಟುತ್ತದೆ, ಮೈಟ್ ನುಸಿ ಕೂತರೂ ಮುರುಟುತ್ತದೆ, ಬಿಳಿ ನೊಣ ವೈರಸ್ ಹೊತ್ತು ತಂದರೂ ಮುರುಟುತ್ತದೆ. ತೆಲಂಗಾಣದ ಮೆಣಸಿನ ಬೆಳೆಗಾರರು 2021ರ ಹಂಗಾಮಿನಲ್ಲಿ ಹೊಸ ಜಾತಿಯ ಕಪ್ಪು ಥ್ರಿಪ್ಸಿನ ಕೈಯಲ್ಲಿ ಸಿಕ್ಕು ಹೊಲಕ್ಕೆ ಹೊಲವನ್ನೇ ಕಳೆದುಕೊಂಡರು. ಕಾರಣ ತಿಳಿಯದಾಗ ರೈತ ಮಾಡುವುದೇನು? ಅಂಗಡಿಯವನು ಕೊಟ್ಟ ಔಷಧಿ ಹೊಡೆಯುತ್ತಾನೆ. ತಗ್ಗದಿದ್ದರೆ ಇನ್ನೊಂದು. ದುಡ್ಡೂ ಹೋಯಿತು, ಹೊತ್ತೂ ಹೋಯಿತು.

ಹುಡುಗ ಸೊಂಪಾದ ಗಿಡದ ಎಲೆಯತ್ತ ಕೈಚಾಚುತ್ತಾನೆ.

“ಎಲಿ ಹರೀಬ್ಯಾಡೋ. ಗಿಡದ ಮ್ಯಾಲೇ ಹಿಡಿ.”

“ಯಾವ ಎಲಿ ಹಿಡೀಲಿ ಅಕ್ಕಾ?”

“ತುದಿಯಿಂದ ಮೂರನೇದು. ನಡುವಿನ ನರ ಬಿಟ್ಟು ಬಾಜೂಕ. ಎರಡೂ ಗಿಡದಾಗ ಅದೇ ಜಾಗ ಇರ್ಲಿ.”

ಎಲೆಯ ಅಡಿಗೆ ಕಪ್ಪು ರಬ್ಬರ್ ತುಂಡು, ಮೇಲಿಂದ ಮೂತಿ. ಬಿಸಿಲು ಒಳಗೆ ನುಸುಳಬಾರದು. ಒಂದು ಸೆಕೆಂಡು, ಇನ್ನೊಂದು. ಪರದೆಯಲ್ಲಿ ಮೊದಲು ಕಾಣುವುದು ದಿಬ್ಬದಂಥ ಏರು. ಎಲೆಯ ಹಸಿರು, ಅಂದರೆ ಕ್ಲೋರೋಫಿಲ್, ಲೇಸರ್ ಬಿದ್ದಾಗ ತಾನೇ ಹೊಳೆಯುತ್ತದೆ. ಆ ಹೊಳಪಿನ ದಿಬ್ಬವನ್ನು ಅಕ್ಕ ಸಾಫ್ಟ್‌ವೇರಿನಲ್ಲಿ ಕಳೆಯುತ್ತಾರೆ. ದಿಬ್ಬ ಕರಗಿದ ಮೇಲೆ ಶಿಖರಗಳು ಒಂದೊಂದಾಗಿ ತಲೆ ಎತ್ತುತ್ತವೆ. 1005ರ ಹತ್ತಿರ ಒಂದು, 1155ರಲ್ಲಿ ಒಂದು, 1525ರಲ್ಲಿ ಎಲ್ಲಕ್ಕಿಂತ ಎತ್ತರದ್ದು. ಮೂರೂ ಕೆರೋಟಿನಾಯ್ಡ್‌ಗಳ ಗುರುತು. ಕ್ಯಾರೆಟ್ಟಿಗೆ ಕಿತ್ತಳೆ ಬಣ್ಣ ಕೊಡುವ, ಹಣ್ಣು ಮೆಣಸಿನಕಾಯಿಯ ಕೆಂಪಿಗೂ ಕಾರಣವಾಗುವ ಕುಲದ ಅಣುಗಳು ಇವು. ಹಸಿರೆಲೆಯಲ್ಲಿ ಕಣ್ಣಿಗೆ ಬೀಳದೆ, ಬಿಸಿಲಿನ ಅತಿರೇಕದಿಂದ ಎಲೆಯನ್ನು ಕಾಯುತ್ತಿರುತ್ತವೆ. 1600ರ ಆಸುಪಾಸಿನಲ್ಲಿ ಗಿಡ್ಡ ಶಿಖರ ಮತ್ತೊಂದು. ಅದು ಲಿಗ್ನಿನ್ ಮತ್ತು ಅದರ ಬಳಗದ ಫೀನಾಲಿಕ್ ವಸ್ತುಗಳದ್ದು. ಗಿಡ ತನ್ನನ್ನು ತಾನು ಕಾಪಾಡಿಕೊಳ್ಳಲು ತಯಾರಿಸುವ ಸಾಮಾನು.

ಈಗ ಮುರುಟಿದ ಎಲೆಯ ಸರದಿ. ಅದೇ ಜಾಗ, ಅಷ್ಟೇ ಹೊತ್ತು. ಎರಡು ಗೆರೆಗಳನ್ನೂ ಒಂದರ ಮೇಲೊಂದು ಇಟ್ಟಾಗ ನೀವೇ ಬಗ್ಗಿ ನೋಡುತ್ತೀರಿ. 1525ರ ಶಿಖರ ಕುಸಿದಿದೆ. ಎಲೆ ತನ್ನ ಕಾವಲಿನ ಬಣ್ಣ ಕಳೆದುಕೊಳ್ಳುತ್ತಿದೆ.

“ಹಂಗಾರ ರೋಗ ಅದ ಅಂತ ಹೇಳ್ಬಹುದೇನ್ ಅಕ್ಕಾ?”

“ಎಲಿ ತ್ರಾಸಿನಾಗ ಅದ ಅಂತ ಹೇಳು. ಯಾಕ ಅಂತ ಹೇಳ್ಲಕ್ಕ ಒಂದ್ ಎಲಿ ಸಾಲಂಗಿಲ್ಲ. ನೂರಾರ್ ಎಲಿ ನೋಡ್ಬೇಕು.”

ಅವರ ಮಾತಿನಲ್ಲಿ ಈ ವಿದ್ಯೆಯ ಶಕ್ತಿಯೂ ಇದೆ, ಎಲ್ಲೆಯೂ ಇದೆ. ಈ ಬೆಳಕಿಗೆ ವೈರಸ್ ಕಾಣುವುದಿಲ್ಲ, ನುಸಿಯೂ ಕಾಣುವುದಿಲ್ಲ. ಕಾಣುವುದು ಗಿಡದ ಒಳಗಿನ ರಸಾಯನ ಹೇಗೆ ಬದಲಾಯಿತೆಂಬುದು. ಬೇರೆ ಬೇರೆ ಕಾಟಕ್ಕೆ ಗಿಡ ಬೇರೆ ಬೇರೆ ರೀತಿ ಪ್ರತಿಕ್ರಿಯಿಸುತ್ತದೆ. ಒಂದು ಕಡೆ ಕೆರೋಟಿನಾಯ್ಡ್ ಇಳಿದರೆ ಇನ್ನೊಂದು ಕಡೆ ಫೀನಾಲಿಕ್ ಏರುತ್ತದೆ. ಇಂಥ ಏರಿಳಿತಗಳ ಮೇಳವನ್ನು ನೂರಾರು ಎಲೆಗಳಲ್ಲಿ ಅಳೆದು, ಸಂಖ್ಯಾಶಾಸ್ತ್ರದ ಜರಡಿಯಲ್ಲಿ ಹಾಯಿಸಿದ ಮೇಲೆಯೇ ರೋಗಕ್ಕೂ ಪೋಷಕಾಂಶದ ಕೊರತೆಗೂ ವ್ಯತ್ಯಾಸ ಗೊತ್ತಾಗುವುದು. ಕೊನೆಯ ಖಚಿತತೆಗೆ ಪಿಸಿಆರ್ ಪರೀಕ್ಷೆ ಬೇಕೇ ಬೇಕು.

ಹಾಗೆ ಅಳೆದು ತೋರಿಸಿದವರು ಇದ್ದಾರೆ. ಅಮೆರಿಕದ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ದಿಮಿತ್ರಿ ಕುರೋಸ್ಕಿ ಅವರ ತಂಡ 2019ರಲ್ಲಿ ಕೈಯಲ್ಲಿ ಹಿಡಿಯುವ ಸ್ಪೆಕ್ಟ್ರೋಮೀಟರ್ ಒಯ್ದು ಕಿತ್ತಳೆ ಜಾತಿಯ ಮರಗಳ ಎಲೆ ಓದಿತು. ಕ್ಲೋರೋಫಿಲ್ ಹೊಳಪು ತಗ್ಗಲೆಂದು ಅವರು ಬಳಸಿದ್ದು 830 ನ್ಯಾನೊಮೀಟರಿನ ಲೇಸರ್. ಗ್ರೀನಿಂಗ್ ರೋಗ ತಗುಲಿದ ಮರವನ್ನೂ ಪೋಷಕಾಂಶ ಸಾಲದೆ ಹಳದಿಯಾದ ಮರವನ್ನೂ ಅವರು ಬೇರ್ಪಡಿಸಿ ತೋರಿಸಿದರು. ಕೊಡಗಿನ ಕಿತ್ತಳೆ ತೋಟಗಳನ್ನು ಬಲ್ಲವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ಗ್ರೀನಿಂಗ್ ರೋಗ ಅಲ್ಲಿನ ತೋಟಗಳನ್ನು ದಶಕಗಳಿಂದ ತಿನ್ನುತ್ತಾ ಬಂದಿದೆ. ಮರ ಹಳದಿಯಾದಾಗ ಗೊಬ್ಬರ ಸಾಲದೇನೋ ಎಂದುಕೊಂಡ ರೈತ ಕಾಯುತ್ತಾನೆ. ಕಾಯುವ ಹೊತ್ತಿನಲ್ಲಿ ರೋಗ ಪಕ್ಕದ ಮರಕ್ಕೆ ದಾಟುತ್ತದೆ. ಸಿಂಗಪುರದಲ್ಲಿ ಇನ್ನೊಂದು ತಂಡ ಎಲೆಯೊಳಗಿನ ನೈಟ್ರೇಟ್ ಗುರುತನ್ನು 1046ರ ಶಿಖರದಲ್ಲಿ ಹಿಡಿದು, ಸಾರಜನಕದ ಕೊರತೆ ಎಲೆಯ ಮೇಲೆ ಕಾಣಿಸಿಕೊಳ್ಳುವ ಮೊದಲೇ ಹೇಳಬಹುದೆಂದು 2020ರಲ್ಲಿ ವರದಿ ಮಾಡಿತು.

ಇದೇ ಕುರೋಸ್ಕಿ ಗಿಡಗಳ ಕಡೆ ತಿರುಗುವ ಮೊದಲು ಕೂದಲಿನ ಬಣ್ಣ ಓದುತ್ತಿದ್ದರು. 2015ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ವ್ಯಾನ್ ಡೈನ್ ಜತೆ ಅವರು ಮಾಡಿದ ಕೆಲಸ ಅಪರಾಧ ತನಿಖೆಯವರ ಗಮನ ಸೆಳೆಯಿತು. ಒಂದು ಕೂದಲೆಳೆಗೆ ಬಣ್ಣ ಹಚ್ಚಿದೆಯೇ, ಹಚ್ಚಿದ್ದು ಕಾಯಂ ಬಣ್ಣವೇ ಅಥವಾ ತೊಳೆದರೆ ಹೋಗುವುದೇ, ಯಾವ ಕಂಪನಿಯದು ಎಂಬುದನ್ನು ಕೂದಲನ್ನು ಕರಗಿಸದೆ ಹೇಳಬಹುದೆಂದು ಅವರು ತೋರಿಸಿದರು. ಎಲೆಯಾಗಲಿ ಎಳೆಯಾಗಲಿ, ಬಣ್ಣವೆಂದರೆ ಅಣು. ಅಣುವಿನ ಕಂಪನ ಓದಲು ಕಲಿತವರಿಗೆ ಎರಡೂ ಒಂದೇ ವಿದ್ಯೆ.

ಒಳಗೆ ಬರುತ್ತೀರಿ. ಹುಡುಗ ತನ್ನ ಜೀನ್ಸ್ ಪ್ಯಾಂಟಿನ ಅಂಚಿನಿಂದ ಜೋತುಬಿದ್ದ ನೀಲಿ ಎಳೆಯೊಂದನ್ನು ಕತ್ತರಿಸಿ ಗಾಜಿನ ಸ್ಲೈಡ್ ಮೇಲೆ ಚಾಚುತ್ತಾನೆ.

“ಪವರ್ ಇಳ್ಸು. ಕಪ್ಪು ನೀಲಿ ಬಟ್ಟಿ ಬೆಳಕ ನುಂಗ್ತದ, ಸುಟ್ಟ್ ಹೋಗ್ತದ. ಸುಟ್ಟರ ಸಾಕ್ಷಿ ಹೋದಂಗ.”

ಲೇಸರಿನ ಬಲ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಹೊತ್ತು ಹೆಚ್ಚುತ್ತದೆ. 1575ರ ಹತ್ತಿರ ಬಲವಾದ ಶಿಖರ ಎದ್ದು ನಿಲ್ಲುತ್ತದೆ. ನೀಲಿಯ, ಅಂದರೆ ಇಂಡಿಗೋದ ಗುರುತು. ಆದರೆ ಜೀನ್ಸಿನ ನೀಲಿ ಎಳೆ ನ್ಯಾಯಾಲಯದಲ್ಲಿ ಹೆಚ್ಚು ತೂಗುವುದಿಲ್ಲ. ಜಗತ್ತೆಲ್ಲಾ ತೊಡುವುದು ಅದೇ ಇಂಡಿಗೋ. ಅಪರೂಪದ ಬಣ್ಣ ಸಿಕ್ಕಾಗಲೇ ಎಳೆಗೆ ಮಾತು ಬರುವುದು. ಇಂದು ನಮ್ಮ ಹತ್ತಿ ಬಟ್ಟೆಗೆ ಹಾಕುವ ಬಣ್ಣಗಳಲ್ಲಿ ಬಹುಪಾಲು 1956ರಿಂದ ಈಚೆ ಬಂದ ರಿಯಾಕ್ಟಿವ್ ಬಣ್ಣಗಳು. ಅವು ಹತ್ತಿಯ ಸೆಲ್ಯುಲೋಸಿಗೆ ರಾಸಾಯನಿಕವಾಗಿ ಕಚ್ಚಿಕೊಳ್ಳುತ್ತವೆ. ಹಳೆಯ ಪದ್ಧತಿಯಂತೆ ದ್ರಾವಕದಲ್ಲಿ ನೆನೆಸಿ ಬಣ್ಣ ಬಿಡಿಸಲು ಹೋದರೆ ಸುಲಭಕ್ಕೆ ಬಿಡುವುದಿಲ್ಲ, ಬಿಟ್ಟರೆ ಎಳೆ ಹಾಳು. ಒಂದೂವರೆ ಮಿಲಿಮೀಟರ್ ಎಳೆ ಇಡೀ ಮೊಕದ್ದಮೆಯ ಆಧಾರವಾಗಿರುವಾಗ ಅದನ್ನು ಕರಗಿಸಿಬಿಟ್ಟರೆ ಎದುರು ಪಕ್ಷದವರು ಮರುಪರೀಕ್ಷೆ ಕೇಳಿದಾಗ ಕೊಡುವುದೇನನ್ನು? ಬೆಳಕಿನಲ್ಲಿ ಓದಿದ ಎಳೆ ಹಾಗೆಯೇ ಲಕೋಟೆಗೆ ಮರಳುತ್ತದೆ.

ಎಲ್ಲ ಬಣ್ಣವೂ ಇಷ್ಟು ಸಲೀಸಾಗಿ ಓದಿಸಿಕೊಳ್ಳುವುದಿಲ್ಲ. ಅಕ್ಕ ಗಾಜಿನ ಕಪಾಟಿನಿಂದ ಗುಲಾಬಿ ದ್ರಾವಣವಿರುವ ಪುಟ್ಟ ಸೀಸೆ ತೆಗೆಯುತ್ತಾರೆ. ರೋಡಮೀನ್ ಬಿ. ಬಟ್ಟೆ, ಕಾಗದಕ್ಕೆ ಹಾಕುವ ಬಣ್ಣ. ಬೊಂಬಾಯಿ ಮಿಠಾಯಿಗೆ ಬೆರೆಸುತ್ತಿದ್ದಾರೆಂದು ಗೊತ್ತಾಗಿ ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ಮಿಠಾಯಿಗೂ ಗೋಬಿ ಮಂಚೂರಿಗೂ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಹನಿಯನ್ನು ಬರಿ ಗಾಜಿನ ಮೇಲಿಟ್ಟು ಓದಿದರೆ ಗೆರೆ ಸಪಾಟಾಗಿ ಮಲಗುತ್ತದೆ. ಬಣ್ಣ ಅಷ್ಟು ಕಡಿಮೆ.

ಈಗ ಇನ್ನೊಂದು ಸೀಸೆ. ಬೂದು ಹಸಿರು ಛಾಯೆಯ ಕದಡಿದ ನೀರು. ಬೆಳ್ಳಿಯ ಅತಿ ಸೂಕ್ಷ್ಮ ಕಣಗಳು ತೇಲುತ್ತಿರುವ ದ್ರವ ಅದು. ಲೀ ಮತ್ತು ಮೈಸೆಲ್ 1982ರಲ್ಲಿ ಹೇಳಿಕೊಟ್ಟ ಪಾಕವನ್ನೇ ಇಲ್ಲೂ ಮಾಡುತ್ತಾರೆ. 90 ಮಿಲಿಗ್ರಾಂ ಸಿಲ್ವರ್ ನೈಟ್ರೇಟನ್ನು ಅರ್ಧ ಲೀಟರ್ ನೀರಿಗೆ ಹಾಕಿ ಕುದಿಸಿ, 10 ಮಿಲಿಲೀಟರ್ ಸೋಡಿಯಂ ಸಿಟ್ರೇಟ್ ದ್ರಾವಣ ಸೇರಿಸಿ, ಇನ್ನೂ ಒಂದು ಗಂಟೆ ಕುದಿಸುವುದು. ಸಿಲ್ವರ್ ನೈಟ್ರೇಟ್ ನಮಗೆ ಹೊಸದಲ್ಲ. 1937ರಲ್ಲಿ ಶುರುವಾದ ಮೈಸೂರಿನ ಬಣ್ಣ ಮತ್ತು ಅರಗಿನ ಕಾರ್ಖಾನೆ ತಯಾರಿಸಿ, 1962ರ ಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಹತ್ತುತ್ತಿರುವ ಅಳಿಸಲಾಗದ ಶಾಯಿಯ ಜೀವಾಳವೂ ಅದೇ.

ಬೆಳ್ಳಿ ನೀರಿಗೆ ಗುಲಾಬಿ ಹನಿ ಸೇರುತ್ತದೆ. ಒಂದು ತೊಟ್ಟು ಉಪ್ಪು ನೀರು ಸೇರಿದೊಡನೆ ಕಣಗಳು ಗುಂಪುಗೂಡುತ್ತವೆ. ಗುಂಪಿನ ಸಂದುಗಳಲ್ಲಿ ಬೆಳಕು ಹಲವು ಪಟ್ಟು ಹಿಗ್ಗುತ್ತದೆ. ಅಲ್ಲಿ ಸಿಕ್ಕಿಕೊಂಡ ಅಣುವಿನ ದನಿಯೂ ಹಿಗ್ಗುತ್ತದೆ. ಹುಡುಗ ಗುಂಡಿ ಒತ್ತುತ್ತಾನೆ. ಮಲಗಿದ್ದ ಗೆರೆ ಎದ್ದಿದೆ. 1645, 1505, 1355, 1280ರ ಆಸುಪಾಸಿನಲ್ಲಿ ಸಾಲು ಸಾಲು ಶಿಖರ.

ಹೈದರಾಬಾದಿನ ಇನ್ನೊಂದು ತುದಿಯ ಗಚ್ಚಿಬೌಲಿಯಲ್ಲಿ ಈ ಕೆಲಸ ಬಹಳ ಮುಂದೆ ಹೋಗಿದೆ. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಪ್ರೊ. ಸೋಮ ವೇಣುಗೋಪಾಲ ರಾವ್ ಅವರ ತಂಡ ಲೇಸರಿನಿಂದಲೇ ಚಿನ್ನ, ಬೆಳ್ಳಿಯ ನ್ಯಾನೊ ಕಣಗಳನ್ನು ಮಾಡಿ, ಸೋಸುಕಾಗದದ ಮೇಲೂ ಕೂರಿಸಿ, ಸ್ಫೋಟಕ, ಬಣ್ಣ, ಕೀಟನಾಶಕಗಳ ಅತ್ಯಲ್ಪ ಪ್ರಮಾಣವನ್ನು ಕೈಯಲ್ಲಿ ಒಯ್ಯಬಹುದಾದ ಸ್ಪೆಕ್ಟ್ರೋಮೀಟರಿನಲ್ಲಿ ಹಿಡಿದು ತೋರಿಸಿದೆ.

ಮೇಜಿನ ಅಂಚಿನಲ್ಲಿ ಉಳಿದಿರುವುದು ಒಂದು ಚಮಚ ಖಾರದ ಪುಡಿ. ಹಿತ್ತಿಲಿನ ಎಲೆಯೂ ಗುಲಾಬಿ ಹನಿಯೂ ಇಲ್ಲಿ ಕೂಡುತ್ತವೆ. ಒಳ್ಳೆಯ ಪುಡಿಯ ಕೆಂಪು ಕ್ಯಾಪ್ಸಾಂತಿನ್ ಎಂಬ ಕೆರೋಟಿನಾಯ್ಡಿನದು. ಎಲೆಯಲ್ಲಿ ಕಂಡ ಶಿಖರಗಳ ಸಾಲೇ ಇಲ್ಲೂ ಬರುತ್ತದೆ. 2003ರಲ್ಲಿ ಫ್ರಾನ್ಸಿನವರು ಭಾರತದಿಂದ ಹೋದ ಖಾರದ ಪದಾರ್ಥದಲ್ಲಿ ಸುಡಾನ್ 1 ಎಂಬ ಆಜೋ ಬಣ್ಣ ಪತ್ತೆ ಮಾಡಿದಾಗ ಯುರೋಪಿನ ಮಾರುಕಟ್ಟೆಯೆಲ್ಲ ಎಚ್ಚೆತ್ತಿತು. ಸುಡಾನಿನ ಶಿಖರಗಳ ಸಾಲೇ ಬೇರೆ, ಕ್ಯಾಪ್ಸಾಂತಿನ್ ಜತೆ ಬೆರೆತು ಮರೆಯಾಗುವಂಥದ್ದಲ್ಲ. ಬ್ಯಾಡಗಿಯ ರೈತ ಬಣ್ಣಕ್ಕಾಗಿಯೇ ಬೆಳೆಯುವ ಮೆಣಸಿನಕಾಯಿಯ ಮಾನ ಉಳಿಸಲು ಇದಕ್ಕಿಂತ ಚೊಕ್ಕ ಸಾಕ್ಷಿ ಯಾವುದಿದೆ?

ಹೊರಡುವ ಮೊದಲು ಅಕ್ಕ ಪರದೆಯಲ್ಲಿ ಒಂದು ಪಟ್ಟಿ ತೆರೆದು ತೋರಿಸುತ್ತಾರೆ. ಇದು ಉಪಕರಣದ ಜತೆ ಬಂದ ಗ್ರಂಥಾಲಯ, ಗೊತ್ತಿರುವ ವಸ್ತುಗಳ ಗುರುತುಗಳ ಕೋಶ. ಔಷಧಿ ಪುಡಿಗಳು, ದ್ರಾವಕಗಳು, ಪ್ಲಾಸ್ಟಿಕ್‌ಗಳು ಸಾಲಾಗಿ ಇವೆ. ತೊಗರಿ ಎಲೆ ಇಲ್ಲ, ಗುಂಟೂರು ಮೆಣಸು ಇಲ್ಲ, ಇಳಕಲ್ ಸೀರೆಯ ಕೆಂಪು ಇಲ್ಲ.

“ಇದರಾಗ ಇಲ್ಲದ್ದು ಇದಕ್ಕ ಗುರ್ತ್ ಸಿಗಂಗಿಲ್ರಿ,” ಎನ್ನುತ್ತಾರೆ. “ನಮ್ ಎಲಿ, ನಮ್ ಎಳಿ ನಾವೇ ಹಾಕ್ಬೇಕು.”

ಅದೇ ಈಗ ಆಗಬೇಕಾದ ಕೆಲಸ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಬೇಕೆಂದು ವಿಧಿಸಿದೆ. ಸ್ಥಳಕ್ಕೆ ಹೋದವರ ಕೈಯಲ್ಲಿ ಎಳೆ ಸುಡದ ಉಪಕರಣವೂ ಅದರೊಳಗೆ ನಮ್ಮ ಬಟ್ಟೆ ಅಂಗಡಿಗಳ ಬಣ್ಣಗಳ ಕೋಶವೂ ಇರಬೇಕು. ರಾಯಚೂರು, ಧಾರವಾಡದ ಕೃಷಿ ವಿಶ್ವವಿದ್ಯಾಲಯಗಳು, ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ, ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯ, ಹೈದರಾಬಾದಿನ ರಾಮಂತಾಪುರದ ಕೇಂದ್ರ ಪ್ರಯೋಗಾಲಯ ಒಂದಾಗಿ ಕೂತು, ತೊಗರಿ, ಮೆಣಸು, ಹತ್ತಿ, ಕಿತ್ತಳೆಯ ಆರೋಗ್ಯವಂತ ಎಲೆಯದ್ದೂ ರೋಗದ ಎಲೆಯದ್ದೂ, ನಮ್ಮ ಮಗ್ಗಗಳ ಬಣ್ಣದ್ದೂ ಗುರುತುಗಳನ್ನು ಅಳೆದು ಎಲ್ಲರಿಗೂ ಸಿಗುವಂತೆ ಇಡಲಿ. ಲೇಸರ್ ಹೊರಗಿನಿಂದ ಕೊಳ್ಳಬಹುದು. ನಮ್ಮ ನೆಲದ ಎಲೆಯ ಗುರುತನ್ನು ಬೇರೆ ಯಾರೂ ಬರೆದುಕೊಡುವುದಿಲ್ಲ. ವಿಜ್ಞಾನ ಓದುತ್ತಿರುವ ಮಕ್ಕಳಿರುವ ಮನೆಯವರು, ಕಾಲೇಜಿನಲ್ಲಿ ಕಲಿಸುತ್ತಿರುವ ಮೇಷ್ಟ್ರುಗಳು ಈ ಕೆಲಸಕ್ಕೆ ಕೈ ಹಾಕಿ. ರಾಮನ್ ಕಂಡ ಬೆಳಕು ನಮ್ಮ ಹೊಲಕ್ಕೂ ನಮ್ಮ ನ್ಯಾಯಾಲಯಕ್ಕೂ ಬರಬೇಕಾದರೆ ಅದೊಂದೇ ದಾರಿ.